ಇನ್ನೆಷ್ಟು ಹೊತ್ತು ಉರಿಯುತ್ತೆ ಈ ದೀಪ?

ಇಲ್ಲಿ ಏನಾದ್ರೂ ಬರೆದು ತಿಂಗಳುಗಳೇ ಆದವು. ಆಫೀಸು ಒಂದು ಕಾರಣ, ಸೋಮಾರಿತನ ಉಳಿದ ಕಾರಣ. ಮೊನ್ನೆ ಗುರುವಾರ ರಾತ್ರಿ ನಡೆದ ಒಂದು ಸಣ್ಣ ಘಟನೆ ಮಾತ್ರ ಬರೆಯೋ ತನಕ ಬಿಡೋ ಹಾಗೆ ಕಾಣಲಿಲ್ಲ..

ರಾತ್ರಿ ಒಂಬತ್ತೂವರೆ ಇರಬೇಕು. ಆಫೀಸಿಂದ ಮನೆಗೆ ಸೈಕಲ್ಲಲ್ಲಿ ಬರ್ತಾ ಇದ್ದೆ. ಬೆಂಗಳೂರಿನ ಟ್ರಾಫಿಕ್ಕಿಗೆ ಹೆದರಿ ನಾನು ಹಿಡಿಯೋದು ಒಂದು ಕೆರೆ ಏರಿಯ ಪಕ್ಕದ ರಸ್ತೆ. ಅಲ್ಲಿ ಬೀದಿ ದೀಪದ ಕಂಬಗಳಿವೆ, ದೀಪಗಳಿಲ್ಲ. ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಸಿರೋ ಎಲ್‌ಇಡಿ ಲೈಟಿನ ಬೆನ್ನ ಮೇಲೆ ನಾಲ್ಕು ಚುಕ್ಕೆಗಳಿವೆ, ಬ್ಯಾಟರಿ ಎಷ್ಟು ಉಳಿದಿದೆ ಅಂತ ತೋರಿಸೋಕೆ. ಹೊರಡುವಾಗ ಎರಡು ಚುಕ್ಕೆ ಉರೀತಾ ಇತ್ತು. ಎರಡು ಅಂದ್ರೆ ಅರ್ಧ, ಅರ್ಧ ಅಂದ್ರೆ ಧಾರಾಳ ಅಂದುಕೊಂಡು ಹೊರಟೆ. ಕೆರೆ ಹತ್ತಿರ ಬರೋ ಹೊತ್ತಿಗೆ ಒಂದು ಚುಕ್ಕೆ. ಏರಿ ಅರ್ಧ ದಾಟಿದ್ದೆ, ಪಟ್ ಅಂತ ಕತ್ತಲೆ. ಮಂಕಾಗೋದು, ಮಿಣಿಮಿಣಿ ಅನ್ನೋದು ಏನೂ ಇಲ್ಲ. ಬೆಳಕು ಇತ್ತು, ಆಮೇಲೆ ಇರಲಿಲ್ಲ, ಅಷ್ಟೇ. ಎರಡೂ ಬ್ರೇಕ್ ಒತ್ತಿ ಕಾಲು ಊರಿ ನಿಂತೆ. ಮೊಬೈಲ್ ಟಾರ್ಚ್ ಹಾಕಿ ನೋಡಿದ್ರೆ ಎರಡು ಮಾರು ಮುಂದೆ ಪೈಪಿಗೋ ಕೇಬಲ್ಲಿಗೋ ಅಗೆದು ಹಾಗೇ ಬಿಟ್ಟ ಗುಂಡಿ. ಸುತ್ತ ಒಂದು ಕಲ್ಲು ಕೂಡ ಇಟ್ಟಿರಲಿಲ್ಲ. ಉಳಿದ ದಾರಿ ಸೈಕಲ್ ತಳ್ಳಿಕೊಂಡೇ ಬಂದೆ.

ತಳ್ಳಿಕೊಂಡು ಬರುವಾಗ ಲೈಟು ಮಾಡಿದವನಿಗೆ ಮನಸಲ್ಲೇ ಬೈದೆ. ಸ್ವಲ್ಪ ದೂರ ಬಂದ ಮೇಲೆ ಬೈಗುಳ ನಿಂತುಹೋಯ್ತು. ಯಾಕೆ ಅಂತ ಕೊನೆಗೆ ಹೇಳ್ತೀನಿ, ಅದು ನನ್ನದೇ ಒಂದು ಹಳೇ ಪಾಪದ ಕಥೆ. ಮನೆಗೆ ಬಂದ ಮೇಲೆ ನಿದ್ದೆ ಬರದೆ, ಸೈಕಲ್ ದೀಪಗಳ ಚರಿತ್ರೆ ಹುಡುಕಿ ಓದ್ತಾ ಕೂತೆ. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಕಥೆ ಇರುತ್ತೆ ಅಂತ ಗೊತ್ತಿರಲಿಲ್ಲ.

ಮೊದಲು ಎಣ್ಣೆ ದೀಪ. ಮುಂದಿನ ಚಕ್ರ ಆಳೆತ್ತರ, ಹಿಂದಿನದು ಪುಟಾಣಿ, ಅಂಥ ಸೈಕಲ್ಲಿನ ಚಿತ್ರ ನೋಡಿರ್ತೀರಲ್ಲ? 1870ರ ದಶಕದ ಕೊನೆಯ ಹೊತ್ತಿಗೆ ಅದರ ದೊಡ್ಡ ಚಕ್ರದ ಗುಂಬಕ್ಕೆ, ಕಡ್ಡಿಗಳ ನಡುವೆ ನೇತುಹಾಕೋ ಎಣ್ಣೆ ಲ್ಯಾಂಪುಗಳು ಇಂಗ್ಲೆಂಡಿನಲ್ಲಿ ಬಂದವು. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಅನ್ನೋನು 'ಕಿಂಗ್ ಆಫ್ ದಿ ರೋಡ್' ಅಂತ ಹೆಸರಿಟ್ಟು ಮಾರಿದ ಲ್ಯಾಂಪು ಬಹಳ ಪ್ರಸಿದ್ಧ. ನಮ್ಮಲ್ಲಿ ವಾಹನಗಳ ಬಿಡಿಭಾಗದ ಮೇಲೆ ಕಾಣೋ ಲೂಕಾಸ್ ಟಿವಿಎಸ್ ಹೆಸರಿನಲ್ಲಿರೋ ಲೂಕಾಸ್ ಇದೇ ಮನೆತನದ್ದು. ಗಾಳಿಗೆ ಆರೋದು, ಕುಲುಕಿದರೆ ಆರೋದು, ಮಸಿ ಹಿಡಿಯೋದು.. ತೊಂದರೆ ನೂರೆಂಟು. ಆದರೆ ಒಂದು ವಿಷಯದಲ್ಲಿ ಅದು ಪ್ರಾಮಾಣಿಕ. ಇನ್ನೆಷ್ಟು ಹೊತ್ತು ಉರಿಯುತ್ತೆ ಅಂತ ತಿಳೀಬೇಕಾ? ಮುಚ್ಚಳ ತೆಗೆದು ಎಣ್ಣೆ ನೋಡು. ಮೊಂಬತ್ತಿ ದೀಪವಾದರೆ ಇನ್ನೂ ಸುಲಭ, ಮೊಂಬತ್ತಿಯೇ ಅಳತೆಗೋಲು.

ಆಮೇಲೆ ಕಾರ್ಬೈಡ್ ಬಂತು. ಮಾವಿನಕಾಯಿ ಮಾಗಿಸೋಕೆ ಕದ್ದುಮುಚ್ಚಿ ಹಾಕ್ತಾರಲ್ಲ, ಅದೇ ಕಾರ್ಬೈಡ್. ಥಾಮಸ್ ವಿಲ್ಸನ್ ಅನ್ನೋ ಕೆನಡಾದವನು 1892ರಲ್ಲಿ ಅಮೆರಿಕದಲ್ಲಿ ವಿದ್ಯುತ್ ಕುಲುಮೆಯಲ್ಲಿ ಬೇರೇನೋ ಮಾಡೋಕೆ ಹೋಗಿ ಇದನ್ನ ದೊಡ್ಡ ಪ್ರಮಾಣದಲ್ಲಿ ತಯಾರಿಸೋ ದಾರಿ ಕಂಡುಕೊಂಡ. ದೀಪದ ಮೇಲಿನ ಅಂಕಣದಲ್ಲಿ ನೀರು, ಕೆಳಗಿನದರಲ್ಲಿ ಕಾರ್ಬೈಡ್ ಹರಳು. ತಿರುಪು ತಿರುಗಿಸಿದ್ರೆ ನೀರು ತೊಟ್ಟಿಕ್ಕಿ ಅಸಿಟಿಲೀನ್ ಗ್ಯಾಸ್ ಹುಟ್ಟಿ, ಬೆಳ್ಳಗೆ ಉರಿಯುತ್ತೆ. ಎಣ್ಣೆ ದೀಪದ ಮುಂದೆ ಅದು ಸೂರ್ಯ! ಹಳೇ ಜಾತ್ರೆಗಳ ಅಂಗಡಿಗಳಲ್ಲಿ ಇಂಥ ದೀಪ ಇರ್ತಿತ್ತು ಅಂತ ಹಿರಿಯರು ಹೇಳೋದನ್ನ ನೀವೂ ಕೇಳಿರಬಹುದು. ಇಲ್ಲೇ ನೋಡಿ ಮೊದಲ ಸಲ ಒಂದು ವಿಷಯ ನಮ್ಮ ಕಣ್ಣಿಂದ ಮರೆಯಾಗಿದ್ದು. ಒಳಗೆ ಎಷ್ಟು ಹರಳು ಉಳಿದಿದೆ, ಎಷ್ಟು ಆಗಲೇ ಸುಣ್ಣದ ಕೆಸರಾಗಿದೆ ಅಂತ ಉರಿಯುವಾಗ ಕಾಣೋದಿಲ್ಲ. ಜ್ವಾಲೆ ಕುಗ್ಗಿದಾಗ ನೀರು ಜಾಸ್ತಿ ಬಿಟ್ಟು ನೋಡಬೇಕು. ಆಗಲೂ ಕುಗ್ಗಿದರೆ ಮುಗೀತು ಅಂತ ಅರ್ಥ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಒಣ ಸೆಲ್ಲು ಬಂತು, ಅದರ ಹಿಂದೆಯೇ ಕೈ ಟಾರ್ಚು. ನ್ಯೂಯಾರ್ಕಿನ ಡೇವಿಡ್ ಮಿಸೆಲ್ ಎಂಬಾತನಿಗೆ 1899ರಲ್ಲಿ ಟಾರ್ಚಿನ ಪೇಟೆಂಟ್ ಸಿಕ್ತು. ಅದನ್ನ ಮಾಡಿ ಮಾರಿದ ಕಾನ್ರಾಡ್ ಹ್ಯೂಬರ್ಟನ ಕಂಪನಿ ಮುಂದೆ 'ಎವರ್ ರೆಡಿ' ಅನ್ನೋ ಹೆಸರಾಯ್ತು. 'ಯಾವಾಗಲೂ ಸಿದ್ಧ' ಅಂತ ಹೆಸರು.. ನಿಜ ಸಂಗತಿ ಬೇರೆ. ಆಗಿನ ಸೆಲ್ಲು, ಆಗಿನ ಇದ್ದಿಲ ತಂತಿಯ ಬಲ್ಬು ಸೇರಿ ಬೆಳಕು ಕ್ಷಣಕಾಲ ಮಾತ್ರ ಚೆನ್ನಾಗಿ ಬರ್ತಿತ್ತು. ಹಚ್ಚು, ಆರಿಸು, ಸೆಲ್ಲಿಗೆ ವಿಶ್ರಾಂತಿ ಕೊಡು, ಮತ್ತೆ ಹಚ್ಚು. ಅಮೆರಿಕದವರು ಇವತ್ತಿಗೂ ಟಾರ್ಚಿಗೆ 'ಫ್ಲಾಶ್ ಲೈಟ್' ಅನ್ನೋದು ಅದಕ್ಕೇ. ಇಂಥದ್ದನ್ನ ಸೈಕಲ್ಲಿಗೆ ಕಟ್ಟಿಕೊಂಡು ಮೂರು ಊರು ದಾಟೋದು ಹೇಗೆ?

ಆ ಪ್ರಶ್ನೆಗೆ ಉತ್ತರ ಕೊಟ್ಟವನು ಅಮೆರಿಕದವನೂ ಅಲ್ಲ, ಇಂಗ್ಲೆಂಡಿನವನೂ ಅಲ್ಲ. ಜಪಾನಿನ ಒಸಾಕಾ ಊರಿನಲ್ಲಿ ಸೈಕಲ್ ಅಂಗಡಿ ಗುಡಿಸಿ ಬೆಳೆದ ಹುಡುಗ, ಕೊನೊಸುಕೆ ಮತ್ಸುಶಿತಾ. ನಮ್ಮ ಮನೆಗಳಿಗೆ ಗಲ್ಫಿನಿಂದ ಬಂದ ನೆಂಟರು ತರ್ತಿದ್ದ 'ನ್ಯಾಷನಲ್ ಪ್ಯಾನಾಸಾನಿಕ್' ಟೇಪ್ ರೆಕಾರ್ಡರ್ ನೆನಪಿದೆಯಾ? ಆ 'ನ್ಯಾಷನಲ್' ಅನ್ನೋ ಹೆಸರು ಮೊಟ್ಟಮೊದಲು ಅಂಟಿದ್ದು ಒಂದು ಸೈಕಲ್ ದೀಪಕ್ಕೆ ಅಂತ ಓದಿದಾಗ ನಾನು ಎದ್ದು ಕೂತೆ.

ಕಥೆ ಹೀಗಿದೆ. ಈತ ಹುಟ್ಟಿದ್ದು 1894ರಲ್ಲಿ, ವಕಾಯಾಮಾ ಸೀಮೆಯ ಹಳ್ಳಿಯಲ್ಲಿ. ಅಪ್ಪ ಇದ್ದಬದ್ದ ಆಸ್ತಿ ಕಳೆದುಕೊಂಡಿದ್ದರಿಂದ ಒಂಬತ್ತನೇ ವಯಸ್ಸಿಗೇ ಓದು ಬಿಟ್ಟು ಒಸಾಕಾಗೆ ಬಂದ. ಮೊದಲು ಅಗ್ಗಿಷ್ಟಿಕೆ ಮಾರೋ ಅಂಗಡಿ, ಆಮೇಲೆ ಸೈಕಲ್ ಅಂಗಡಿಯಲ್ಲಿ ಸುಮಾರು ಐದು ವರ್ಷ. 1910ರಲ್ಲಿ ಕರೆಂಟ್ ಕಂಪನಿ ಸೇರಿದ. 1918ರಲ್ಲಿ ಸ್ವಂತ ವರ್ಕ್‌ಶಾಪು, ಹೆಂಡತಿ, ಹೆಂಡತಿಯ ತಮ್ಮ, ಇವನು, ಮೂರೇ ಜನ. ಪ್ಲಗ್ಗು, ಹೋಲ್ಡರು ಮಾಡಿ ಮಾರ್ತಿದ್ದರು. ಆರ್ಡರಿಗೆ ಅಂತ ಊರೆಲ್ಲ ಸೈಕಲ್ಲಲ್ಲೇ ಸುತ್ತಬೇಕು, ವಾಪಸ್ ಬರುವಾಗ ಕತ್ತಲಾಗುತ್ತೆ, ಮೊಂಬತ್ತಿ ದೀಪ ಗಾಳಿಗೆ ಆರುತ್ತೆ. ಇಳಿ, ಹಚ್ಚು, ಹತ್ತು, ಮತ್ತೆ ಇಳಿ. ಅಂಗಡಿಗಳಲ್ಲಿ ಬ್ಯಾಟರಿ ದೀಪಗಳೂ ಇದ್ದವು, ಆದರೆ ಎರಡು ಮೂರು ಗಂಟೆಗೆ ಸತ್ತು ಹೋಗ್ತಿದ್ದವು.

ಆರು ತಿಂಗಳ ಕಾಲ, ಸುಮಾರು ನೂರು ಮಾದರಿ ಮಾಡಿ ಮಾಡಿ ಕೆಡಿಸಿದನಂತೆ. ಅವನ ಕೈ ಹಿಡಿದಿದ್ದು ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಒಂದು ಪುಟ್ಟ ಬಲ್ಬು. ಜಪಾನಿನವರು ಅದನ್ನ 'ಕಾಳು ಬಲ್ಬು' ಅಂತಾರೆ, ಹುರುಳಿಯೋ ಅವರೆಯೋ ಕಾಳು ಅನ್ನೋ ಅರ್ಥದಲ್ಲಿ. ಅದು ಹಳೇ ಬಲ್ಬಿಗಿಂತ ನಾಲ್ಕೈದು ಪಟ್ಟು ಕಡಿಮೆ ಕರೆಂಟ್ ಎಳೀತಿತ್ತು. ಇಲ್ಲಿ ಎಂಜಿನಿಯರಿಂಗ್ ಓದಿದ್ದಕ್ಕೆ ಒಂದು ಮಾತು ಹೇಳಲೇಬೇಕು, ಬೇಜಾರಾದ್ರೆ ಹಾರಿಸಿ ಮುಂದೆ ಓದಿ :) ಕರೆಂಟ್ ಐದು ಪಟ್ಟು ಕಡಿಮೆ ಆದರೆ ಸೆಲ್ಲು ಐದು ಪಟ್ಟು ಹೊತ್ತು ಬರಬೇಕು ಅಂತ ಲೆಕ್ಕ. ಆದರೆ ಸತು-ಇದ್ದಿಲ ಸೆಲ್ಲು ಒಂಥರಾ ಮುದಿ ಎತ್ತಿನ ಹಾಗೆ. ಓಡಿಸಿದರೆ ಅರ್ಧ ದಾರಿಗೇ ಕೂತುಬಿಡುತ್ತೆ, ನಿಧಾನಕ್ಕೆ ನಡೆಸಿದರೆ ಊರು ಮುಟ್ಟಿಸುತ್ತೆ. ಕಡಿಮೆ ಎಳೆದಷ್ಟೂ ಒಟ್ಟು ಹೆಚ್ಚು ಕೊಡುತ್ತೆ. ಜೊತೆಗೆ ತನ್ನ ಡಬ್ಬಿಗೆ ಹೊಂದೋ ಹಾಗೆ ಸೆಲ್ಲುಗಳನ್ನ ಜೋಡಿಸಿಕೊಂಡ. ಕೊನೆಗೆ 1923ರಲ್ಲಿ ತಯಾರಾದ ದೀಪ, ಫಿರಂಗಿ ಗುಂಡಿನ ಆಕಾರದ್ದು, ಒಂದು ಸಲ ಸೆಲ್ ಹಾಕಿದರೆ 30ರಿಂದ 50 ಗಂಟೆ ಉರೀತಿತ್ತು!

ಜನ ಮುಗಿಬಿದ್ದು ಕೊಂಡರು ಅಂದುಕೊಂಡ್ರಾ? ಒಬ್ಬನೂ ಕೊಳ್ಳಲಿಲ್ಲ. ಸಗಟು ವ್ಯಾಪಾರಿಗಳ ಹತ್ತಿರ ಹೋದರೆ, "ಬ್ಯಾಟರಿ ದೀಪಾನಾ? ಬೇಡಪ್ಪ" ಅನ್ನೋ ಧಾಟಿ. ಅವರದೇನೂ ತಪ್ಪಿಲ್ಲ. ಮೂವತ್ತು ಗಂಟೆ ಉರಿಯುತ್ತೆ ಅಂತ ಬಾಯಲ್ಲಿ ಹೇಳಿದರೆ ನಂಬೋದು ಹೇಗೆ? ಮೊಂಬತ್ತಿಯ ಉದ್ದ ಕಣ್ಣಿಗೆ ಕಾಣುತ್ತೆ, ಸೆಲ್ಲಿನ ಹೊಟ್ಟೆಯೊಳಗೆ ಇರೋದು ಕಾಣುತ್ತಾ? ಇತ್ತ ಮತ್ಸುಶಿತಾನ ವರ್ಕ್‌ಶಾಪಿನಲ್ಲಿ ದೀಪಗಳು ಸಾವಿರಗಟ್ಟಲೆ ಪೇರಿಕೊಂಡವು. ಸೆಲ್ಲು ಸುಮ್ಮನೆ ಇಟ್ಟರೂ ಒಳಗೊಳಗೇ ಸವೆಯೋ ಪದಾರ್ಥ. ಕಾದಷ್ಟೂ ಮಾಲು ಹಾಳು.

ಆಗ ಅವನು ಮಾಡಿದ ಕೆಲಸ ನನಗೆ ಈ ಇಡೀ ಚರಿತ್ರೆಯಲ್ಲೇ ಬಹಳ ಇಷ್ಟವಾಗಿದ್ದು. ಸಗಟು ವ್ಯಾಪಾರಿಗಳನ್ನ ಬಿಟ್ಟು ನೇರವಾಗಿ ಒಸಾಕಾದ ಸೈಕಲ್ ಅಂಗಡಿಗಳಿಗೇ ಆಳುಗಳನ್ನ ಕಳಿಸಿದ. ಪ್ರತಿ ಅಂಗಡಿಗೆ ಎರಡು ಮೂರು ದೀಪ ಬಿಟ್ಟು ಬರಬೇಕು, ಅದರಲ್ಲಿ ಒಂದನ್ನ ಅಲ್ಲೇ ಹಚ್ಚಿಟ್ಟು ಬರಬೇಕು. ದುಡ್ಡು ಈಗ ಬೇಡ. ಈ ದೀಪ ಎಷ್ಟು ಹೊತ್ತಿಗೆ ಆರುತ್ತೆ ನೀವೇ ನೋಡಿ, ಹೇಳಿದಷ್ಟು ಉರಿದರೆ ಉಳಿದವನ್ನ ಮಾರಿ ಆಮೇಲೆ ದುಡ್ಡು ಕೊಡಿ, ಇಷ್ಟು ಮಾತು. ಒಂದು ಅಂಗಡಿಯ ದೃಶ್ಯ ಊಹಿಸಿಕೊಳ್ಳಿ. ಕೌಂಟರಿನ ಮೇಲೆ ದೀಪ ಉರೀತಾ ಇದೆ. ಯಜಮಾನ ಊಟ ಮಾಡಿ ಬಂದ, ಉರೀತಿದೆ. ಬಾಗಿಲು ಹಾಕಿ ಮಲಗಿದ. ಬೆಳಗ್ಗೆ ಬಾಗಿಲು ತೆಗೆದ, ಇನ್ನೂ ಉರೀತಿದೆ! ನಂಬಿಕೆ ಹುಟ್ಟೋದು ಇನ್ನೆಲ್ಲಿ? ಆರ್ಡರುಗಳು ತಾವಾಗಿ ಬಂದವು. ಹಿಂದೆ ಬೇಡ ಅಂದ ಸಗಟು ವ್ಯಾಪಾರಿಗಳೂ ಬಂದರು.

ನಾಲ್ಕು ವರ್ಷದ ನಂತರ, 1927ರಲ್ಲಿ, ಚೌಕಾಕಾರದ ಇನ್ನೊಂದು ದೀಪ ಮಾಡಿದ. ಸೈಕಲ್ಲಿಂದ ಬಿಚ್ಚಿ ಕೈಯಲ್ಲಿ ಹಿಡಿದು ಒಡಾಡಬಹುದಾದ್ದು. ಇದಕ್ಕೇ 'ನ್ಯಾಷನಲ್' ಅನ್ನೋ ಹೆಸರು. ಹತ್ತು ಸಾವಿರ ದೀಪ ಬಿಟ್ಟಿ ಹಂಚ್ತೀನಿ, ಅದಕ್ಕೆ ಬೇಕಾದ ಹತ್ತು ಸಾವಿರ ಬ್ಯಾಟರಿ ನೀವು ಬಿಟ್ಟಿ ಕೊಡಿ ಅಂತ ಟೋಕಿಯೋದ ಬ್ಯಾಟರಿ ತಯಾರಕ ಒಕಾಡಾ ಅವರನ್ನ ಕೇಳಿದ. ಅವರು ದಂಗು! ಬದಲಿಗೆ ವರ್ಷದ ಕೊನೆಯೊಳಗೆ ನಿಮ್ಮ ಎರಡು ಲಕ್ಷ ಬ್ಯಾಟರಿ ಮಾರಿಕೊಡ್ತೀನಿ, ಆಗದಿದ್ದರೆ ದುಡ್ಡು ಕೊಡ್ತೀನಿ ಅಂದ. ಮಾರಿದ್ದು 4,70,000. 1928ರ ಜನವರಿ 2ರಂದು ಒಕಾಡಾ ಹಬ್ಬದ ಉಡುಪು ತೊಟ್ಟು ಟೋಕಿಯೋದಿಂದ ಒಸಾಕಾಗೆ ಬಂದು ಕೃತಜ್ಞತಾ ಪತ್ರ ಕೊಟ್ಟು ಹೋದರಂತೆ. ಆ ಕಂಪನಿ 2008ರಲ್ಲಿ ತನ್ನ ಹೆಸರನ್ನೇ ಪ್ಯಾನಾಸಾನಿಕ್ ಅಂತ ಬದಲಾಯಿಸಿಕೊಂಡಿತು, 'ನ್ಯಾಷನಲ್' ಹೆಸರು ಹಿಂದೆ ಸರೀತು.

ಇನ್ನು ಡೈನಮೊ. ಟೈರಿಗೆ ಉಜ್ಜಿಕೊಂಡು ಗುರ್ ಅನ್ನೋ ಬಾಟಲಿಯಂಥದ್ದು ನಿಮಗೆ ಗೊತ್ತು. ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಕಂಪನಿ 1936ರಲ್ಲಿ ಅದನ್ನ ಚಕ್ರದ ಗುಂಬದೊಳಗೇ ಕೂರಿಸಿತು. ಡೈನಮೊಗೆ ನಮ್ಮ ಪ್ರಶ್ನೆಯೇ ಇಲ್ಲ, ಕಾಲಲ್ಲಿ ಶಕ್ತಿ ಇರೋ ತನಕ ಬೆಳಕು. ನಿಂತರೆ ಮಾತ್ರ ಆರುತ್ತೆ. ಜರ್ಮನಿಯಲ್ಲಂತೂ 11 ಕೆಜಿಗಿಂತ ಹಗುರಾದ ರೇಸಿಂಗ್ ಸೈಕಲ್ ಬಿಟ್ಟು ಉಳಿದವಕ್ಕೆಲ್ಲ ಡೈನಮೊ ಇರಲೇಬೇಕು ಅನ್ನೋ ಕಾನೂನು 2013ರ ತನಕ ಇತ್ತು.

ನಮ್ಮ ಅಪ್ಪನ ಸೈಕಲ್ಲಿಗೆ ಡೈನಮೊ ಇತ್ತು, ಕೆಲಸ ಮಾಡ್ತಿರಲಿಲ್ಲ. ಅಪ್ಪ ಮಂಡ್ಯ ಕಡೆ ನಮ್ಮೂರ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಸಂಜೆ ಹಾಲು ಅಳೆದು, ಲೆಕ್ಕ ಬರೆದು, ವ್ಯಾನು ಬಂದು ಹೋಗೋ ತನಕ ಕಾದು, ನಾಲೆ ಏರಿ ಮೇಲೆ ಮನೆಗೆ ಬರ್ತಿದ್ದರು. ಎಡಗೈಯಲ್ಲಿ ಹ್ಯಾಂಡಲ್ ಜೊತೆಗೇ ಹಿಡಿದ ಮೂರು ಸೆಲ್ಲಿನ ಟಾರ್ಚು. ಒಂದು ಕಡೆ ಗದ್ದೆ, ಇನ್ನೊಂದು ಕಡೆ ತುಂಬಿ ಹರಿಯೋ ನಾಲೆ. ನಾವು ಜಗಲಿ ಮೇಲೆ ಕೂತು ದೂರದಲ್ಲಿ ಆ ಬೆಳಕು ಕಾಯ್ತಿದ್ವಿ. ಬೆಳಕಿನ ಬಣ್ಣ ನೋಡಿಯೇ ಅಮ್ಮ ಹೇಳ್ತಿದ್ದರು, ಸೆಲ್ ಹೊಸದಾ ಹಳೇದಾ ಅಂತ. ಬಿಳಿ ಇದ್ದರೆ ಹೊಸದು. ಹಳದಿಗೆ ತಿರುಗಿದರೆ ಇನ್ನೊಂದು ವಾರ. ಕೆಂಡದ ಬಣ್ಣಕ್ಕೆ ಬಂತು ಅಂದ್ರೆ ಅಪ್ಪ ಬಂದವರೇ, "ಸೆಲ್ಲು ವೀಕಾಗದೆ ಕಣ್ಲಾ, ನಾಳೀಕೆ ಬಿಸ್ಲಿಗೆ ಮಡಗು" ಅನ್ನೋರು. ಮಾರನೇ ದಿನ ಮೂರೂ ಸೆಲ್ಲು ಹಂಚಿನ ಮೇಲೆ, ಹಪ್ಪಳದ ಪಕ್ಕ. ಸಂಜೆಗೆ ನಿಜವಾಗಿಯೂ ಸ್ವಲ್ಪ ಚೇತರಿಸಿಕೊಂಡಿರ್ತಿತ್ತು. ಇದು ಮೂಢನಂಬಿಕೆ ಅಂತ ಕಾಲೇಜಿನಲ್ಲಿ ನಾನೇ ನಕ್ಕಿದ್ದೆ. ಆಮೇಲೆ ತಿಳೀತು, ಪೂರ್ತಿ ಸುಳ್ಳೇನಲ್ಲ. ವಿಶ್ರಾಂತಿ ಸಿಕ್ಕಾಗ ಸತು-ಇದ್ದಿಲ ಸೆಲ್ಲಿನೊಳಗಿನ ರಾಸಾಯನಿಕಗಳು ಮತ್ತೆ ಸಮವಾಗಿ ಹರಡಿಕೊಳ್ಳುತ್ತವೆ, ಶಾಖ ಅದಕ್ಕೆ ಸ್ವಲ್ಪ ಸಹಾಯ ಮಾಡುತ್ತೆ. ಹೊಸ ಶಕ್ತಿ ಏನೂ ಬರೋದಿಲ್ಲ, ತಳದಲ್ಲಿ ಉಳಿದಿದ್ದು ಮೇಲೆ ಬರುತ್ತೆ ಅಷ್ಟೇ.

ಅಂದ್ರೆ ಆ ಟಾರ್ಚಿಗೆ ಇಂಡಿಕೇಟರ್ ಬೇಕಿರಲಿಲ್ಲ. ಬೆಳಕೇ ಇಂಡಿಕೇಟರ್. ಸೆಲ್ಲಿನ ವೋಲ್ಟೇಜ್ ಇಳೀತಾ ಹೋದ ಹಾಗೆ ಬಲ್ಬಿನ ತಂತಿ ತಣ್ಣಗಾಗ್ತಾ ಬಣ್ಣ ಬದಲಾಯಿಸ್ತಿತ್ತು. ಸಾಯೋ ಮುಂಚೆ ವಾರದ ನೋಟಿಸ್ ಕೊಡೋ ದೀಪ!

ಇದನ್ನ ಕೆಡಿಸಿದ್ದು ಎರಡು ಒಳ್ಳೇ ಆವಿಷ್ಕಾರಗಳು. ಎರಡಕ್ಕೂ ನೊಬೆಲ್ ಬಂದಿದೆ. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನ ಮಾರುಕಟ್ಟೆಗೆ ತಂತು. 1993ರಲ್ಲಿ ನಿಚಿಯಾ ಕಂಪನಿಯ ಶುಜಿ ನಾಕಾಮುರಾ ಪ್ರಖರವಾದ ನೀಲಿ ಎಲ್‌ಇಡಿ ಮಾಡಿ ತೋರಿಸಿದ, ಅದರ ಮೇಲೆ ಹಳದಿ ಫಾಸ್ಫರ್ ಬಳಿದು 1996ರಲ್ಲಿ ಅದೇ ಕಂಪನಿ ಬಿಳಿ ಎಲ್‌ಇಡಿ ತಂತು. ಎರಡೂ ಸೇರಿದ ಮೇಲೆ ಮುಷ್ಟಿಯೊಳಗೆ ಹಿಡಿಯೋ ಸೈಕಲ್ ದೀಪ ಕಾರಿನ ಹೆಡ್‌ಲೈಟಿಗೆ ಸವಾಲು ಹಾಕೋ ಹಾಗಾಯ್ತು. ಆದರೆ ಲಿಥಿಯಂ ಸೆಲ್ಲಿನ ವೋಲ್ಟೇಜ್ ತುಂಬಿದಾಗ 4.2, ಆಮೇಲೆ ಬಹಳ ಹೊತ್ತು 3.7ರ ಆಸುಪಾಸಿನಲ್ಲೇ ಮಲಗಿರುತ್ತೆ, ಕೊನೆಗೆ ಬಂಡೆಯಿಂದ ಬಿದ್ದ ಹಾಗೆ ಇಳಿಯುತ್ತೆ. ಅದು ಸಾಲದು ಅಂತ, ಬೆಳಕು ಒಂದೇ ಸಮ ಇರಲಿ ಅಂತ ಎಲ್‌ಇಡಿಗೆ ಕರೆಂಟನ್ನ ಹಿಡಿದಿಡೋ ಸರ್ಕೀಟು ಬೇರೆ. ಇನ್ನು ಸೆಲ್ಲು ಪೂರ್ತಿ ಖಾಲಿಯಾದರೆ ಕೆಟ್ಟುಹೋಗುತ್ತೆ ಅಂತ ಅದಕ್ಕೂ ಮುಂಚೆ ಪಟ್ ಅಂತ ಕತ್ತರಿಸೋ ರಕ್ಷಣಾ ಸರ್ಕೀಟು. ಮೂರೂ ಸರಿಯಾದ ಕೆಲಸಗಳೇ. ಮೂರೂ ಸೇರಿ ನನ್ನನ್ನ ಗುಂಡಿಯ ಅಂಚಿಗೆ ತಂದು ನಿಲ್ಲಿಸಿದವು. ಬೆಳಕು ತಾನೇ ಹೇಳ್ತಿದ್ದ ಮಾತನ್ನ ಹೀಗೆ ಬಾಯಿ ಮುಚ್ಚಿಸಿದ ಮೇಲೆ, ಅದೇ ಮಾತು ಹೇಳೋಕೆ ಬೆನ್ನ ಮೇಲೆ ನಾಲ್ಕು ಚುಕ್ಕೆ ಇಡಬೇಕಾಯ್ತು.

ಆ ಚುಕ್ಕೆಗಳಿಗೆ ಏನು ಗೊತ್ತು? ಅಗ್ಗದ ದೀಪಗಳಲ್ಲಿ ಅವು ನೋಡೋದು ವೋಲ್ಟೇಜ್ ಒಂದನ್ನೇ. ಇಷ್ಟಕ್ಕಿಂತ ಮೇಲಿದ್ದರೆ ನಾಲ್ಕು, ಇಷ್ಟಕ್ಕೆ ಇಳಿದರೆ ಮೂರು. ವೋಲ್ಟೇಜೇ ಮಲಗಿರೋವಾಗ ಅದನ್ನ ನೋಡಿ ಉಳಿದಿದ್ದು ಹೇಳೋದು, ಮಲಗಿದವನ ಮುಖ ನೋಡಿ ಹೊಟ್ಟೆ ಹಸಿವು ಹೇಳಿದ ಹಾಗೆ. ಜೋರು ಬೆಳಕಿಗೆ ಹಾಕಿದರೆ ವೋಲ್ಟೇಜ್ ಕುಸಿಯುತ್ತೆ, ಆರಿಸಿ ಐದು ನಿಮಿಷ ಬಿಟ್ಟರೆ ಮತ್ತೆ ಏರುತ್ತೆ. ಅಪ್ಪನ ಹಂಚಿನ ಮೇಲಿನ ಸೆಲ್ಲಿನ ಹಾಗೇ! ಸರಿಯಾದ ವಿಧಾನ ಅಂದ್ರೆ ಒಳಗೆ ಹೋದ, ಹೊರಗೆ ಬಂದ ಕರೆಂಟನ್ನ ಸಮಯದ ಜೊತೆ ಲೆಕ್ಕ ಇಡೋದು, ನಮ್ಮ ಅಪ್ಪ ಡೈರಿಯಲ್ಲಿ ಹಾಲಿನ ಲೆಕ್ಕ ಬರೆದ ಹಾಗೆ. ಅದಕ್ಕೆ ಇನ್ನೊಂದು ಚಿಪ್ಪು ಬೇಕು, ಒಂದಿಷ್ಟು ದುಡ್ಡು ಬೇಕು.

ಈಗ ನನ್ನ ಪಾಪದ ಕಥೆ. ನನ್ನ ಮೊದಲ ಕೆಲಸ ಒಂದು ಸಣ್ಣ ಕಂಪನಿಯಲ್ಲಿ, ಕೈಯಲ್ಲಿ ಹಿಡಿಯೋ ಒಂದು ಯಂತ್ರದ ಸಾಫ್ಟ್‌ವೇರ್. ಬ್ಯಾಟರಿ ಗೆರೆ ತೋರಿಸೋ ಭಾಗ ನನ್ನ ಪಾಲಿಗೆ ಬಂತು. ಹೊಸಬ, ಉತ್ಸಾಹ. ಅಳೆದು, ಪಟ್ಟಿ ಮಾಡಿ, ಉಳಿದ ಹೊತ್ತಿಗೆ ಆದಷ್ಟು ಹತ್ತಿರ ಬರೋ ಹಾಗೆ ಬರೆದೆ. ಡೆಮೊ ದಿನ ಅರ್ಧ ಗಂಟೆಗೇ ಒಂದು ಗೆರೆ ಕಮ್ಮಿ ಆಯ್ತು. ಮ್ಯಾನೇಜರ್ ಕರೆದು, ಮೊದಲ ಗೆರೆ ಇಷ್ಟು ಬೇಗ ಹೋದರೆ ಗಿರಾಕಿ ಬ್ಯಾಟರಿ ಸರಿ ಇಲ್ಲ ಅಂತಾನೆ, ಮೇಲಿನ ಗೆರೆಗಳು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋ ಹಾಗೆ ಮಾಡಪ್ಪ ಅಂದರು. ಮಾಡಿದೆ. ಮೂರು ಅಂಕಿ ಬದಲಾಯಿಸೋ ಕೆಲಸ, ಐದು ನಿಮಿಷ ಕೂಡ ಹಿಡೀಲಿಲ್ಲ. ಮೇಲಿಗೆ ಕೊಟ್ಟಿದ್ದನ್ನ ಕೆಳಗಿನಿಂದ ಕಿತ್ತುಕೊಂಡೇ ಕೊಡಬೇಕಲ್ಲ, ಹಾಗಾಗಿ ಕೊನೆಯ ಗೆರೆ ಕೆಲವೇ ನಿಮಿಷದ್ದಾಯ್ತು. ಪರೀಕ್ಷೆಯಲ್ಲಿ ಪಾಸಾಯ್ತು, ಯಾರೂ ದೂರು ಕೊಡಲಿಲ್ಲ. ಆ ಯಂತ್ರ ಹಿಡಿದು ಕತ್ತಲಲ್ಲಿ ಹೋಗೋರು ಯಾರೂ ಇರಲಿಲ್ಲ ಅನ್ನೋದೊಂದೇ ಸಮಾಧಾನ. ಕೆರೆ ಏರಿ ಮೇಲೆ ಬೈಗುಳ ನಿಂತಿದ್ದು ಇದಕ್ಕೆ. ನನ್ನ ದೀಪದೊಳಗೂ ನನ್ನಂಥವನೊಬ್ಬ ಮೂರು ಅಂಕಿ ಬದಲಾಯಿಸಿರ್ತಾನೆ.

ಶನಿವಾರ ಮತ್ಸುಶಿತಾನ ಪರೀಕ್ಷೆ ಮಾಡಿದೆ. ದೀಪವನ್ನ ರಾತ್ರಿಯೆಲ್ಲ ಚಾರ್ಜಿಗೆ ಹಾಕಿ, ಬೆಳಗ್ಗೆ ಮೇಜಿನ ಮೇಲೆ ಹಚ್ಚಿಟ್ಟು, ಪಕ್ಕದಲ್ಲಿ ನೋಟ್‌ಬುಕ್ಕು ಇಟ್ಟುಕೊಂಡು ಕೂತೆ. (ರೂಮ್‌ಮೇಟು ಇವನಿಗೆ ಏನಾಯ್ತು ಅಂತ ಎರಡು ಸಲ ಬಂದು ನೋಡಿ ಹೋದ.) ನಾಲ್ಕನೇ ಚುಕ್ಕೆ ಆರಿದ್ದು ಎರಡು ಗಂಟೆ ಹತ್ತು ನಿಮಿಷಕ್ಕೆ. ಮೂರನೆಯದು ಎರಡು ಗಂಟೆ ನಲವತ್ತಕ್ಕೆ. ಎರಡನೆಯದು ಎರಡು ಐವತ್ತೆಂಟಕ್ಕೆ. ಮೂರು ಗಂಟೆ ಏಳು ನಿಮಿಷಕ್ಕೆ ಕತ್ತಲೆ. ಅಂದ್ರೆ ಎರಡು ಚುಕ್ಕೆ ಇದ್ದಾಗ ಹೆಚ್ಚೆಂದರೆ ಇಪ್ಪತ್ತೇಳು ನಿಮಿಷ, ಒಂದು ಇದ್ದಾಗ ಒಂಬತ್ತು. ಆಫೀಸಿಂದ ಮನೆಗೆ ನನಗೆ ನಲವತ್ತು ನಿಮಿಷ ಬೇಕು. ಮಾರ್ಕರ್ ಪೆನ್ನು ತಗೊಂಡು ಎರಡನೇ ಚುಕ್ಕೆಯ ಪಕ್ಕ 27, ಮೊದಲನೆಯದರ ಪಕ್ಕ 9 ಅಂತ ಬರೆದೆ. ಬ್ಯಾಟರಿ ಹಳೇದಾದಂತೆ ಇವೂ ಸುಳ್ಳಾಗ್ತವೆ, ಆರು ತಿಂಗಳಿಗೊಮ್ಮೆ ಮತ್ತೆ ಕೂರಬೇಕು.

ಸಂಜೆ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದೆಲ್ಲ ಹೇಳಿದೆ, ಗುಂಡಿಯ ವಿಷಯ ಬಿಟ್ಟು. ಅವರು ಎಲ್ಲಾ ಕೇಳಿಸಿಕೊಂಡು, "ಬಿಸ್ಲಿಗೆ ಮಡಗಿ ನೋಡ್ದಾ?" ಅಂದರು.

ಇದನ್ನ ಬಿಸಿಲಿಗೆ ಇಡಬಾರದು ಅಪ್ಪ, ಕೆಟ್ಟೋಗುತ್ತೆ ಅಂದೆ. "ಅದ್ಯಾವ ಸೆಲ್ಲೋ!" ಅಂತ ನಕ್ಕು, ಫೋನು ಅಮ್ಮನ ಕೈಗೆ ಕೊಟ್ಟರು.